ಕೇದಾರಕಂಠದ ತಯಾರಿ: ಚಳಿಗಿಂತ ಬೆವರಿನದೇ ಚಿಂತೆ

ಅಕ್ಟೋಬರ್

ಜನವರಿಯಲ್ಲಿ ಕೇದಾರಕಂಠ ಎಂದು ತೀರ್ಮಾನವಾಯಿತು. ಉತ್ತರಾಖಂಡದ ಉತ್ತರಕಾಶಿ ಜಿಲ್ಲೆಯ ಬೆಟ್ಟ, ಎತ್ತರ ಸುಮಾರು 3,810 ಮೀಟರ್. ಹಿಮ ಬಿದ್ದ ಮೇಲೆ ಹತ್ತಲೆಂದೇ ಜನ ಅಲ್ಲಿಗೆ ಹೋಗುತ್ತಾರೆ. ನಾವು ನಾಲ್ವರು: ನಂದಿಯ ಬಳಿ ದ್ರಾಕ್ಷಿ ತೋಟ ಮಾಡುವವನು, ಶಿಡ್ಲಘಟ್ಟದಲ್ಲಿ ಗೂಡಿನಿಂದ ನೂಲು ತೆಗೆಯುವ ರೇಷ್ಮೆ ರೀಲರ್, ಪ್ರೌಢಶಾಲೆಯಲ್ಲಿ ಗಣಿತ ಹೇಳುವ ಮೇಡಂ, ಚಿಕ್ಕಬಳ್ಳಾಪುರದಲ್ಲಿ ಔಷಧಿ ಅಂಗಡಿ ಇಟ್ಟುಕೊಂಡಿರುವ ನಾನು. ಹಿಮವನ್ನು ಫ್ರಿಜ್ಜಿನ ಹೊರಗೆ ಯಾರೂ ನೋಡಿಲ್ಲ.

ಬೆಟ್ಟಗಳಿಗೇನೂ ನಮ್ಮಲ್ಲಿ ಬರವಿಲ್ಲ. ನಂದಿ 1,478 ಮೀಟರ್, ಸ್ಕಂದಗಿರಿ ಅದಕ್ಕಿಂತ ತುಸು ಗಿಡ್ಡ. ಕಾಲಿಗೆ, ದಮ್ಮಿಗೆ ಇವು ಸಾಕು. ತೆಳುವಾದ ಗಾಳಿಗೆ ಮಾತ್ರ ಇಲ್ಲಿ ಅಭ್ಯಾಸವಿಲ್ಲ. ಸ್ಕಂದಗಿರಿಯ ನೆತ್ತಿಯಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ಸುಮಾರು ಶೇ 84ರಷ್ಟಿದ್ದರೆ ಕೇದಾರಕಂಠದಲ್ಲಿ ಸುಮಾರು ಶೇ 63. ಈ ಅಂತರವನ್ನು ಯಾವ ಕಸರತ್ತೂ ತುಂಬುವುದಿಲ್ಲ. ನಿಧಾನವಾಗಿ ಏರಿ, ದೇಹ ಒಗ್ಗುವವರೆಗೆ ಕಾಯಬೇಕು. ಪ್ರತಿ ಸಾವಿರ ಮೀಟರಿಗೆ ಉಷ್ಣಾಂಶ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ ಎಂದು ಮೇಡಂ ಲೆಕ್ಕ ಬಿಡಿಸಿ ತೋರಿಸಿದರು. ದ್ರಾಕ್ಷಿಯವನು ಅಂದೇ ಸಂಜೆ ಕಂಬಳಿಯಂಥ ಜಾಕೆಟ್ ಕೊಂಡು ತಂದ. ಅದನ್ನು ತೊಟ್ಟು ತೋಟದಲ್ಲಿ ಓಡಾಡುತ್ತಿದ್ದಾನಂತೆ.

ಭಾನುವಾರಗಳಲ್ಲಿ ಸುಲ್ತಾನ್‌ಪೇಟೆಯ ಕಡೆಯಿಂದ ನಂದಿಯ ಹಳೆಯ ಮೆಟ್ಟಿಲು ಹತ್ತುತ್ತೇವೆ. ಬೆನ್ನಿನ ಚೀಲದಲ್ಲಿ ಹತ್ತು ಕಿಲೋ ರಾಗಿ. ನನ್ನ ಮಟ್ಟಿಗೆ ಹತ್ತುವುದಕ್ಕಿಂತ ಇಳಿಯುವ ಅಭ್ಯಾಸವೇ ಮುಖ್ಯ. ಇಳಿಯುವಾಗ ತೊಡೆಯ ಸ್ನಾಯು ಭಾರ ಹೊತ್ತುಕೊಂಡೇ ಹಿಗ್ಗಬೇಕಾಗುತ್ತದೆ, ಮರುದಿನ ನೋಯುವುದೂ ಅದೇ. ಮೇಲಿನ ಮಂಗಗಳಿಗೆ ನಮ್ಮ ಚೀಲದಲ್ಲಿರುವುದು ಹಸಿ ರಾಗಿ ಎಂದು ಗೊತ್ತಾದ ಮೇಲೆ ನಮ್ಮ ಮೇಲಿನ ಗೌರವ ಹೊರಟುಹೋಗಿದೆ.

ನವೆಂಬರ್

ಈ ತಿಂಗಳ ಮುಖ್ಯ ಕೆಲಸ ಬಟ್ಟೆ. ಹಿಮದಲ್ಲಿ ನಡೆದು ಬಂದವರನ್ನು ಕೇಳಿದರೆ ಚಳಿಯ ಮಾತು ಕಡಿಮೆ, ಒದ್ದೆಯ ಮಾತು ಹೆಚ್ಚು. ಕಾರಣವೂ ಸರಳ: ನೀರು ಗಾಳಿಗಿಂತ ಇಪ್ಪತ್ತಕ್ಕೂ ಹೆಚ್ಚು ಪಟ್ಟು ವೇಗವಾಗಿ ಶಾಖವನ್ನು ಎಳೆದುಕೊಂಡು ಹೋಗುತ್ತದೆ. ಬೆವರಿ ನೆಂದ ಬನಿಯನ್ನಿನ ಮೇಲೆ ಎಷ್ಟು ಜಾಕೆಟ್ ಹೇರಿದರೂ ಪ್ರಯೋಜನವಿಲ್ಲ.

ರೀಲರ್‌ಗೆ ಇಂಥ ವಿಷಯದಲ್ಲಿ ಪರರ ಮಾತು ನಂಬುವ ಅಭ್ಯಾಸವಿಲ್ಲ. ಹತ್ತಿ ಬನಿಯನ್, ಪಾಲಿಯೆಸ್ಟರ್ ಟೀ ಶರ್ಟ್, ಉಣ್ಣೆಯ ಒಳ ಅಂಗಿ, ತನ್ನ ಅಜ್ಜನ ಹಳೆಯ ರೇಷ್ಮೆ ಶಲ್ಯ, ನಾಲ್ಕನ್ನೂ ಒಂದೇ ಬಕೆಟ್ಟಿನಲ್ಲಿ ನೆನೆಸಿ, ಹಿಂಡಿ, ನೂಲು ತೂಗುವ ತಕ್ಕಡಿಯಲ್ಲಿಟ್ಟ. ಆಮೇಲೆ ಹಿತ್ತಲಿನ ಹಗ್ಗಕ್ಕೆ ಸಾಲಾಗಿ ನೇತುಹಾಕಿ ಆಗಾಗ ತೂಗಿ ಬರೆದುಕೊಂಡ. ಪಾಲಿಯೆಸ್ಟರ್ ಊಟದ ಹೊತ್ತಿಗೇ ಒಣಗಿತು. ರೇಷ್ಮೆ ಅದರ ಹಿಂದೆಯೇ. ಉಣ್ಣೆ ತಡಮಾಡಿತು, ಆದರೆ ತೇವವಿದ್ದಾಗಲೂ ಕೈಗೆ ತಣ್ಣಗೆನಿಸಲಿಲ್ಲ. ಹತ್ತಿ ಬನಿಯನ್ ಮರುದಿನ ಬೆಳಗ್ಗೆಯೂ ಕಂಕುಳಲ್ಲಿ ಹಸಿಯಾಗಿತ್ತು. ಹತ್ತಿಯ ಅಂಗಿ, ಕಾಲುಚೀಲ, ಜೀನ್ಸ್ ಯಾವುದೂ ಬೇಡವೆಂದು ಅಂದೇ ನಿರ್ಧಾರವಾಯಿತು. ಶಲ್ಯ ಮುಟ್ಟಿದ್ದಕ್ಕೆ ರೀಲರ್‌ಗೆ ಮನೆಯಲ್ಲಿ ಮಂಗಳಾರತಿಯೂ ಆಯಿತು.

ಈಗ ನಮ್ಮ ಜೋಡಣೆ ಹೀಗಿದೆ: ಮೈಗೆ ತಾಗುವುದು ಪಾಲಿಯೆಸ್ಟರ್ ಅಥವಾ ಉಣ್ಣೆ, ಮೇಲೆ ಫ್ಲೀಸ್ ಎಂಬ ಮೆತ್ತನೆಯ ಬೆಚ್ಚನೆ ಅಂಗಿ, ಎಲ್ಲಕ್ಕಿಂತ ಹೊರಗೆ ಗಾಳಿ ತಡೆಯುವ ಜಾಕೆಟ್. ದಪ್ಪ ಜಾಕೆಟ್ ನಿಂತಾಗ ಮಾತ್ರ. ಬೂಟಿನೊಳಗೆ ಹಿಮ ಹೋಗದಂತೆ ಕಾಲಿಗೆ ಸುತ್ತುವ ಗೇಟರ್, ಜಾರದಂತೆ ಬೂಟಿನಡಿ ಕಟ್ಟುವ ಮುಳ್ಳಿನ ಮೈಕ್ರೋಸ್ಪೈಕ್ ಅಲ್ಲಿಯೇ ಬಾಡಿಗೆಗೆ ಸಿಗುತ್ತವೆ. ಬೂಟು ಮಾತ್ರ ಸ್ವಂತದ್ದು, ಇಲ್ಲೇ ನಡೆದು ಪಳಗಿಸಿದ್ದು.

ತೆಳು ಗಾಳಿಗೆ ದೇಹ ಒಗ್ಗದೆ ಬರುವ ಎತ್ತರದ ಕಾಯಿಲೆಗೆ ಮುಂಚಿತವಾಗಿ ಕೊಡುವ ಅಸೆಟಜೋಲಮೈಡ್ ನನ್ನ ಅಂಗಡಿಯಲ್ಲೇ ಇದೆ. ಮೂವರೂ ಕೈಯೊಡ್ಡಿದರು. ವೈದ್ಯರ ಚೀಟಿ ಇಲ್ಲದೆ ಸ್ನೇಹಿತರಿಗೂ ಕೊಡುವುದಿಲ್ಲ ಎಂದೆ. ಸಲ್ಫಾ ಔಷಧಿ ಒಗ್ಗದವರಿಗೆ ಅದನ್ನು ಸುಮ್ಮನೆ ಕೊಡುವಂತಿಲ್ಲ. ಒಂದು ವಾರ ಮುನಿಸು.

ಡಿಸೆಂಬರ್

ಸ್ಕಂದಗಿರಿಗೆ ರಾತ್ರಿ ಹತ್ತಲು ಅನುಮತಿಯಿಲ್ಲ, ಬೆಳಗಿನ ಪ್ರವೇಶವನ್ನು ಆನ್‌ಲೈನಿನಲ್ಲಿ ಕಾಯ್ದಿರಿಸಬೇಕು. ಮಂಜು ಕವಿದ ದಿನವೇ ಬೇಕಿತ್ತು, ಸಿಕ್ಕಿತು. ಬೇಕೆಂದೇ ಇಬ್ಬರು ಎಲ್ಲವನ್ನೂ ತೊಟ್ಟು ಹೊರಟೆವು, ಇಬ್ಬರು ಒಂದೇ ಪದರದಲ್ಲಿ, ನಡುಗುತ್ತಾ. ಅರ್ಧ ದಾರಿಗೆ ತೊಟ್ಟವರ ಬೆನ್ನು ನೀರು. ಮೇಲೆ ಕೋಟೆಯ ಮುರಿದ ಗೋಡೆಯ ಬಳಿ ಗಾಳಿ ಬೀಸಿದಾಗ ಹಲ್ಲು ಕಟಕಟಿಸಿದ್ದು ಜಾಕೆಟ್‌ನವರದೇ. ನಡುಗುತ್ತಾ ಹೊರಟವರು ಅಲ್ಲಿ ಫ್ಲೀಸ್ ತೊಟ್ಟು ಚಿಕ್ಕಿ ತಿನ್ನುತ್ತಿದ್ದರು. ಹೊರಡುವಾಗ ಸ್ವಲ್ಪ ಚಳಿಯಾಗಬೇಕು, ಬೆವರುವ ಮೊದಲೇ ಒಂದು ಪದರ ಕಳಚಬೇಕು, ನಿಂತ ಕ್ಷಣವೇ ತೊಡಬೇಕು. ಇದೇ ನಮ್ಮ ಕಾಯಿದೆ.

ಜನವರಿ

ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ದೆಹಲಿ, ಅಲ್ಲಿಂದ ಡೆಹ್ರಾಡೂನ್, ಮಸ್ಸೂರಿ, ಪುರೋಲಾ, ಮೋರಿ ದಾಟಿ ಚಾರಣ ಶುರುವಾಗುವ ಸಾಂಕ್ರಿ. ರಸ್ತೆಯ ತಿರುವುಗಳ ಬಗ್ಗೆ ನನ್ನ ಹೊಟ್ಟೆಗೆ ಬೇರೆ ಅಭಿಪ್ರಾಯಗಳಿವೆ, ಇಲ್ಲಿ ಬೇಡ.

ಸಾಂಕ್ರಿಯ ಎತ್ತರ ಸುಮಾರು 1,950 ಮೀಟರ್. ಮರದ ಮನೆಗಳ ಊರು. ಪೈನ್ ಕಾಡಿನೊಳಗಿನ ಹಾದಿಯಲ್ಲಿ ಹಿಮ ಮೊದಲು ತೇಪೆ ತೇಪೆಯಾಗಿ ಕಂಡಿತು, ಜೂಡಾ ಕಾ ತಾಲಾಬ್ ತಲುಪುವಾಗ ನೆಲವೇ ಉಳಿದಿರಲಿಲ್ಲ. ಕೆರೆ ಹೆಪ್ಪುಗಟ್ಟಿತ್ತು. ಬಿಸಿಲು ತಾಗಿ ಮತ್ತೆ ಗಟ್ಟಿಯಾದ ಹಿಮದ ಮೇಲ್ಪದರ ಬೂಟಿನಡಿ ಸುಟ್ಟ ಹಪ್ಪಳದಂತೆ ಮುರಿಯುತ್ತಿತ್ತು.

ರಾತ್ರಿ ಡೇರೆಯೊಳಗೆ ಒದ್ದೆ ಇನ್ನೊಂದು ದಾರಿಯಿಂದ ಬಂತು. ನಮ್ಮ ಉಸಿರೇ ಬಟ್ಟೆಯ ಗೋಡೆಗೆ ಅಂಟಿ ಮಂಜುಗಡ್ಡೆಯಾಗಿತ್ತು. ಬೆಳಗ್ಗೆ ಜಿಪ್ ಎಳೆದ ಕೂಡಲೇ ಬಿಳಿ ಪುಡಿ ಉದುರಿ ಸ್ಲೀಪಿಂಗ್ ಬ್ಯಾಗಿನ ಮೇಲೆ ಕರಗತೊಡಗಿತು. ಅದನ್ನು ಕರಗುವ ಮುಂಚೆಯೇ ಕೊಡವಬೇಕು. ಮೊಬೈಲ್, ಕೈಗವಸು, ಮರುದಿನದ ಕಾಲುಚೀಲ ಎಲ್ಲವೂ ನಮ್ಮ ಜೊತೆ ಬ್ಯಾಗಿನೊಳಗೇ ಮಲಗಿದ್ದವು. ನೀರಿನ ಬಾಟಲಿಗಳನ್ನು ತಲೆಕೆಳಗಾಗಿ ಇಟ್ಟಿದ್ದೆವು. ನೀರು ಮೇಲಿನಿಂದ ಹೆಪ್ಪುಗಟ್ಟುವುದರಿಂದ ಹೀಗಿಟ್ಟರೆ ಮುಚ್ಚಳದ ಬಾಯಿ ತೆರೆದಿರುತ್ತದೆ.

ಅಷ್ಟೆತ್ತರದಲ್ಲಿ ನೀರು 90 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ, ಕುಕ್ಕರ್ ಇಲ್ಲದೆ ಬೇಳೆ ಬೇಯುವುದಿಲ್ಲ. ನಮ್ಮ ರಾಗಿ ಹುರಿಹಿಟ್ಟಿಗೆ ಈ ತಾಪತ್ರಯವಿಲ್ಲ. ಬಿಸಿನೀರು, ಬೆಲ್ಲ, ಮುಗಿಯಿತು. ಅಡುಗೆಯವರು ಮೂಸಿ ನೋಡಿ, ಒಂದು ಚಮಚ ತಿಂದು, ಇನ್ನೊಂದು ಕೇಳಿದರು. ಚಾಕೊಲೇಟ್ ಕಲ್ಲಾಗಿತ್ತು.

ಮೇಲಿನ ಶಿಬಿರದಲ್ಲಿ ದ್ರಾಕ್ಷಿಯವನಿಗೆ ತಲೆನೋವು, ಸಂಜೆ ವಾಂತಿ. ನಮ್ಮೆಲ್ಲರಿಗಿಂತ ಗಟ್ಟಿಗ ಅವನೇ. ಆದರೆ ಎತ್ತರದ ಕಾಯಿಲೆ ತೋಳಿನ ಬಲ ನೋಡಿ ಬರುವುದಿಲ್ಲ. ರಕ್ತದ ಆಮ್ಲಜನಕ ತೋರಿಸುವ ಆಕ್ಸಿಮೀಟರಿನ ಅಂಕಿಯ ಬಗ್ಗೆ ನಾವು ಚರ್ಚೆ ಎತ್ತುವ ಮೊದಲೇ ಸ್ಥಳೀಯ ಗೈಡ್ ಮುಗಿಸಿದರು: ಲಕ್ಷಣ ಇದೆ, ಇಳಿಯಬೇಕು. ಅವನು ಒಬ್ಬ ಸಹಾಯಕನ ಜೊತೆ ಟಾರ್ಚ್ ಹಿಡಿದು ಇಳಿದ. ಕೆಳಗೆ ತಲುಪಿದ ಮೇಲೆ ನಾಲ್ಕು ರೊಟ್ಟಿ ತಿಂದನಂತೆ.

ಶಿಖರಕ್ಕೆ ಮೂವರು, ಬೆಳಗಿನ ಜಾವದ ಕತ್ತಲಲ್ಲಿ. ಏರಬೇಕಾದದ್ದು ಸುಮಾರು 400 ಮೀಟರ್, ಲೆಕ್ಕಕ್ಕೆ ಸ್ಕಂದಗಿರಿಗಿಂತ ಹೆಚ್ಚಲ್ಲ. ಎದೆ ಆ ಲೆಕ್ಕವನ್ನು ಒಪ್ಪಲಿಲ್ಲ. ಹಿಂದಿನ ಮೊಣಕಾಲನ್ನು ನೇರಮಾಡಿ, ಭಾರವನ್ನು ಮೂಳೆಯ ಮೇಲೆ ಬಿಟ್ಟು, ಒಂದು ಉಸಿರು, ಮುಂದಿನ ಹೆಜ್ಜೆ. ಹೀಗೆ. ಬೆವರಬಾರದೆಂದು ಮೇಡಂ ಗೈಡನ್ನೇ ನಿಧಾನವಾಗಿ ನಡೆಯಿರಿ ಎಂದು ಗದರಿದರು. ರೀಲರ್‌ನ ಹುಬ್ಬು, ಮೀಸೆ ಬಿಳಿಯಾಗಿದ್ದವು. ಎಲ್ಲರ ಬೆನ್ನೂ ಒಣಗಿತ್ತು! ಈ ವರದಿಯಲ್ಲಿ ನಾನು ಜಂಬ ಪಡುವುದು ಇದೊಂದಕ್ಕೇ.

ನೆತ್ತಿಯಲ್ಲಿ ಕಲ್ಲುಗಳ ನಡುವೆ ತ್ರಿಶೂಲ. ಬೆಳಕು ಹರಿದಾಗ ಸ್ವರ್ಗಾರೋಹಿಣಿ, ಕಾಲಾನಾಗ್, ಬಂದರ್‌ಪೂಂಛ್ ಶಿಖರಗಳು ಒಂದೊಂದಾಗಿ ಬಣ್ಣ ಪಡೆದವು. ಫೋಟೋಕ್ಕೆಂದು ಕೈಗವಸು ತೆಗೆದರೆ ಬೆರಳು ಮಾತು ಕೇಳುತ್ತಿರಲಿಲ್ಲ. ಬಿಸಿಲೇರಿದ ಮೇಲೆ ಕಪ್ಪು ಕನ್ನಡಕ ತೆಗೆಯುವಂತಿಲ್ಲ. ಹೊಸ ಹಿಮ ನೇರಳಾತೀತ ಕಿರಣಗಳ ಬಹುಪಾಲನ್ನು ತಿರುಗಿ ಮುಖಕ್ಕೇ ಎರಚುತ್ತದೆ.

ಇಳಿಯುವಾಗ ಹಿಂದಕ್ಕೆ ವಾಲದೆ, ಹಿಮ್ಮಡಿಯನ್ನು ಹಿಮದೊಳಗೆ ಗಟ್ಟಿಯಾಗಿ ಊರಬೇಕು. ನಂದಿಯ ಮೆಟ್ಟಿಲು ತೊಡೆಗೆ ಬಲ ಕೊಟ್ಟಿತ್ತು, ಈ ಹಿಮ್ಮಡಿಯ ವಿದ್ಯೆ ಮಾತ್ರ ಅಲ್ಲೇ ಕಲಿಯಬೇಕಾಯಿತು. ಮೇಡಂ ಬೇಗ ಕಲಿತರು. ರೀಲರ್ ಹೆಚ್ಚಿನ ದಾರಿಯನ್ನು ಕುಳಿತೇ ಇಳಿದ.

ಫೆಬ್ರವರಿ

ಕೈಗವಸುಗಳ ಒಳಪದರ ಬಿಟ್ಟರೆ ಎಲ್ಲವೂ ಬಾಳಿಕೆ ಬಂದಿವೆ. ಮುಂದಿನ ಸಲಕ್ಕೆ ತೆಳು ಒಳಗವಸು ಎಲ್ಲರಿಗೂ ಬೇಕು. ರೀಲರ್ ರೇಷ್ಮೆಯದನ್ನೇ ಹೊಲಿಸುತ್ತೇನೆ ಎಂದು ಹಟ ಹಿಡಿದಿದ್ದಾನೆ. ದ್ರಾಕ್ಷಿಯವನು ವೈದ್ಯರನ್ನು ಕಂಡು ಬಂದಿದ್ದಾನೆ: ಮತ್ತೆ ಹೋಗಬಹುದು, ಮಧ್ಯೆ ಒಂದು ದಿನ ಹೆಚ್ಚು ತಂಗಬೇಕು. ಆ ಒಂದು ದಿನಕ್ಕೆ ಶಾಲೆಯಲ್ಲಿ ರಜೆ ಹೊಂದಿಸುವುದು ಹೇಗೆಂದು ಮೇಡಂ ಈಗ ಲೆಕ್ಕ ಹಾಕುತ್ತಿದ್ದಾರೆ.