ನೇತಾಡುತ್ತಿದ್ದ ಹನ್ನೊಂದು ಚೀಟಿಗಳು

ಕೊನೆಗೂ ಗಂಟು ಬಿಚ್ಚಿತು. ಕಾದಂಬರಿಯನ್ನು ಅದರಿಂದ ಮಾಡಿದ ಸಿನಿಮಾ ಜೊತೆ ಹೋಲಿಸಲು ನಾನು ಚೀಟಿ ಅಂಟಿಸುವ ಗೋಡೆಯೊಂದಿದೆ. ಐದು ವಾರದಿಂದ ಅದರ ಬಲತುದಿಯಲ್ಲಿ ಹನ್ನೊಂದು ಚೀಟಿಗಳು ದಾರವಿಲ್ಲದೆ ನೇತಾಡುತ್ತಿದ್ದವು. ನಿನ್ನೆ ರಾತ್ರಿ ಅವುಗಳಲ್ಲಿ ಏಳು ಚೀಟಿಗಳಿಗೆ ದಾರ ಬಿತ್ತು. ಖುಷಿಗೆ ನಿದ್ದೆಯೇ ಬರಲಿಲ್ಲ. ಬೆಳಗ್ಗೆ ಕಾಫಿಗೂ ಮೊದಲು ಇದನ್ನು ಬರೆಯಲು ಕೂತಿದ್ದೇನೆ.

ಘಟನೆಗೊಂದು ಚೀಟಿ ಬರೆಯುವುದು, ಪುಟದ ಸಂಖ್ಯೆ ಹಾಕುವುದು, ಚಿತ್ರದ ನಿಮಿಷ ಗುರುತು ಮಾಡುವುದು, ಇಷ್ಟೇ ಕೆಲಸ. ನನ್ನದು ಎಡಗಡೆ ಹಳದಿ ಚೀಟಿ, ಅಂದರೆ ಕಾದಂಬರಿ. ಬಲಗಡೆ ನೀಲಿ ಚೀಟಿ, ಅಂದರೆ ಸಿನಿಮಾ. ಎರಡೂ ಕಡೆ ಇರುವ ಘಟನೆಗೆ ಮಧ್ಯೆ ದಾರ. ಈ ಸಲ ಗೋಡೆಗೆ ಏರಿರುವುದು 'ಪಥೇರ್ ಪಾಂಚಾಲಿ'. ವಿಭೂತಿಭೂಷಣ ಬಂದ್ಯೋಪಾಧ್ಯಾಯರ 1929ರ ಕಾದಂಬರಿ, ಸತ್ಯಜಿತ್ ರೇ ಅವರ 1955ರ ಚಿತ್ರ. ಬಂಗಾಳದ ಹಳ್ಳಿಯ ಹುಡುಗ ಅಪು, ಅವನ ಅಕ್ಕ ದುರ್ಗಾ, ಅಪ್ಪ ಹರಿಹರ, ತಾಯಿ ಸರ್ವಜಯಾ, ಇವರ ಕಥೆ. ಬಂಗಾಳಿ ಬಾರದ ಕಾರಣ ಕ್ಲಾರ್ಕ್ ಮತ್ತು ಮುಖರ್ಜಿ ಮಾಡಿದ ಇಂಗ್ಲಿಷ್ ಅನುವಾದವನ್ನೇ ಹಿಡಿದುಕೊಂಡೆ. ಎಡವಟ್ಟು ಶುರುವಾದದ್ದು ಅಲ್ಲೇ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಸಾಮಾನು ಮಾರುವವರ ಬಗ್ಗೆ ಸ್ವಲ್ಪ ಹೇಳಿಕೊಳ್ಳಬೇಕು. ಇದೇ ಅಪುವಿನ ಬದುಕಿನ ಮೇಲೆ ರೇ ಮಾಡಿದ ಮೂರೂ ಚಿತ್ರ ಇದೆ ಅಂತ ಡಬ್ಬಿಯ ಮೇಲೆ ಬರೆದಿತ್ತು. ಒಳಗೆ ನೋಡಿದರೆ ಮೂರನೆಯ ಚಿತ್ರವೇ ಎರಡು ಡಿಸ್ಕು, ಎರಡನೆಯದು ಇಲ್ಲವೇ ಇಲ್ಲ. ಬದಲಿಸಿ ಕೊಡಿ ಎಂದು ಬರೆದೆ. ಮತ್ತೊಂದು ಬಂತು. ಅದೂ ಮೂರನೆಯದೇ! ಈಗ ನನ್ನ ಬಳಿ ಅಪುವಿನ ಮದುವೆ ಮೂರು ಸಲ ಆಗುವಷ್ಟು ಡಿಸ್ಕುಗಳಿವೆ. ದಾರದ ಅಂಗಡಿಯವರ ಮೇಲೆ ಇನ್ನೂ ಜಾಸ್ತಿ ಸಿಟ್ಟಿದೆ. ಬಣ್ಣ ಬಿಡಲ್ಲ ಅಂತ ಹೇಳಿ ಕೊಟ್ಟ ಕೆಂಪು ದಾರ ಈ ಮಳೆಗಾಲದ ಥಂಡಿಗೇ ಗೋಡೆಯ ಸುಣ್ಣಕ್ಕೆಲ್ಲ ಬಣ್ಣ ಬಿಟ್ಟಿದೆ. ಸಣ್ಣ ಊರಿನಲ್ಲೊಂದು ರೈಲು ಹಳಿ ಎಳೆದ ಹಾಗೆ ಉದ್ದಕ್ಕೂ ಒಂದು ಗೆರೆ. ನೋಡಲು ಚೆನ್ನಾಗಿಯೇ ಇದೆ ಅನ್ನುತ್ತಾರೆ ಅಮ್ಮ.

ಈಗ ವಿಷಯ. ಸುಲಭದ ದಾರಗಳು ಮೊದಲ ವಾರದಲ್ಲೇ ಬಿದ್ದವು. ಅಡ್ಡಾದಿಡ್ಡಿ ಹೋದದ್ದು ಇಂದಿರ್ ಠಾಕ್ರುಣ್ ದಾರ. ಅಪುವಿನ ಮನೆಯಲ್ಲಿರುವ ವಯಸ್ಸಾದ ನೆಂಟಳು ಆಕೆ. ಕಾದಂಬರಿಯಲ್ಲಿ ಆ ಮುದುಕಿ ಮೊದಲ ಭಾಗದಲ್ಲೇ ಸಾಯುತ್ತಾಳೆ. ಆಗ ಅಪು ಇನ್ನೂ ಕೂಸು. ಚಿತ್ರದಲ್ಲಿ ಆಕೆ ಬದುಕಿರುತ್ತಾಳೆ, ಅಪು ಶಾಲೆಗೆ ಹೋಗುವ ಹುಡುಗನಾಗುತ್ತಾನೆ. ಆಮೇಲೆ ಬಿದಿರ ಮೆಳೆಯಲ್ಲಿ ಕೂತಲ್ಲೇ ಜೀವ ಬಿಟ್ಟಿರುವ ಆಕೆಯನ್ನು ಮಕ್ಕಳೇ ಕಾಣುತ್ತಾರೆ. ದುರ್ಗಾ ಮುಟ್ಟಿದರೆ ದೇಹ ಪಕ್ಕಕ್ಕೆ ವಾಲುತ್ತದೆ. ಈ ಒಂದು ದಾರ ಉಳಿದ ಎಲ್ಲ ದಾರಗಳನ್ನೂ ದಾಟಿಕೊಂಡು ಹೋಗುತ್ತದೆ. ಇದನ್ನು ನಾನು ತಪ್ಪು ಅನ್ನುವುದಿಲ್ಲ. ಚುನಿಬಾಲಾ ದೇವಿಯವರಂಥ ಎಂಬತ್ತರ ಆಸುಪಾಸಿನ ನಟಿ ಸಿಕ್ಕಮೇಲೆ ಹದಿನೈದೇ ನಿಮಿಷಕ್ಕೆ ಯಾರು ತಾನೆ ಕಳಿಸಿಯಾರು?

ಕಳ್ಳತನದ ದಾರ ಎರಡು ಎಳೆ ಸೇರಿ ಒಂದಾಯಿತು. ಪುಸ್ತಕದಲ್ಲಿ ಮೊದಲು ದುರ್ಗಾ ಕದ್ದಳೆಂಬ ಮಣಿಸರದ ಗಲಾಟೆ, ಎಷ್ಟೋ ಆದಮೇಲೆ ಚಿನ್ನದ ಕುಂಕುಮದ ಭರಣಿಯ ಗಲಾಟೆ. ಅಕ್ಕ ಸತ್ತಮೇಲೆ ಅಪುವಿಗೆ ಸಿಗುವುದು ಆ ಭರಣಿ. ಅವನು ಅದನ್ನು ಬಿದಿರ ಮೆಳೆಗೆ ಎಸೆದುಬಿಡುತ್ತಾನೆ. ರೇ ಎರಡನ್ನೂ ಒಂದೇ ಸರ ಮಾಡಿ ಕೆರೆಗೆ ಎಸೆಸಿದರು. ಸರ ಬಿದ್ದ ಕಡೆ ಪಾಚಿ ಸರಿಯುತ್ತದೆ, ಕಪ್ಪು ನೀರು ಕಾಣುತ್ತದೆ, ಮತ್ತೆ ಮೆಲ್ಲಗೆ ಪಾಚಿ ಮುಚ್ಚಿಕೊಳ್ಳುತ್ತದೆ. ಪುಸ್ತಕ ಪ್ರೀತಿಸುವ ನಾನು ಇಲ್ಲಿ ಮಾತ್ರ ಕೆರೆಯ ಪಕ್ಷ. ಬಿದಿರ ಮೆಳೆ ಗುಟ್ಟನ್ನು ಅಡಗಿಸುತ್ತದೆ ಅಷ್ಟೇ. ಕೆರೆ ಬಾಯಿ ಮುಚ್ಚಿಕೊಳ್ಳುವುದನ್ನು ನಾವು ಕಣ್ಣಾರೆ ನೋಡುತ್ತೇವೆ.

ಇಷ್ಟರವರೆಗೆ ಎಲ್ಲ ಸುಗಮ. ಸತಾಯಿಸಿದ್ದು ರೈಲು.

ಚಿತ್ರದ ರೈಲು ಎಲ್ಲರಿಗೂ ಗೊತ್ತು. ಬಿಳಿ ಹೂವಿನ ಕಾಶ್ ಹುಲ್ಲು, ತಂತಿ ಕಂಬದ ಗುಂಯ್ ಸದ್ದು, ಓಡುವ ಮಕ್ಕಳು. ಆ ಹುಲ್ಲಿನ ಕಥೆಯೂ ಗೊತ್ತಿರಬಹುದು. 1952ರ ಅಕ್ಟೋಬರಿನಲ್ಲಿ ಮೊದಲ ದಿನದ ಶೂಟಿಂಗ್ ಮುಗಿಸಿ ವಾರ ಬಿಟ್ಟು ಬಂದರೆ ದನಗಳು ಹೂವನ್ನೆಲ್ಲ ಮೇಯ್ದಿದ್ದವಂತೆ. ಮುಂದಿನ ವರ್ಷ ಹೂವು ಬರುವ ತನಕ ಕಾಯಬೇಕಾಯಿತು. ನನ್ನ ಡಿಸ್ಕಿನ ಅಂಗಡಿಯವರಿಗಿಂತ ಆ ದನಗಳೇ ವಾಸಿ, ಒಂದು ವರ್ಷದಲ್ಲಿ ಹೂವು ವಾಪಸ್ ಬಂತು.

ಪುಸ್ತಕದಲ್ಲಿ ಆ ದೃಶ್ಯವೇ ಇಲ್ಲ. ಅಲ್ಲಿ ರೈಲಿಗೆ ನಾಲ್ಕು ಚೀಟಿಗಳಿವೆ. ಒಂದು, ಕರು ಹುಡುಕಲು ಹೋದ ಅಕ್ಕ ತಮ್ಮ ಹಳಿ ನೋಡುವ ಆಸೆಗೆ ಓಡಿ, ದಾರಿ ತಪ್ಪಿ, ಏನೂ ಕಾಣದೆ ಮನೆಗೆ ಬರುತ್ತಾರೆ. ಎರಡು, ಅಪ್ಪನ ಜೊತೆ ಹೋಗುವಾಗ ಅಪು ಹಳಿ ದಾಟುತ್ತಾನೆ. ರೈಲು ಬರಲು ಇನ್ನೂ ಹೊತ್ತಿದೆ, ಅಪ್ಪ ಕಾಯುವುದಿಲ್ಲ. ಮೂರು, ಜ್ವರದಲ್ಲಿ ಮಲಗಿದ ದುರ್ಗಾ ತಮ್ಮನನ್ನು ಕೇಳುತ್ತಾಳೆ, ನನಗೊಂದು ದಿನ ರೈಲು ತೋರಿಸ್ತೀಯಾ ಅಂತ. ನಾಲ್ಕು, ದುರ್ಗಾ ಇಲ್ಲ. ಉಳಿದವರು ಊರು ಬಿಟ್ಟು ರೈಲು ಹತ್ತುತ್ತಾರೆ. ಸ್ಟೇಷನ್ನಿನ ಸಿಗ್ನಲ್ ಕಂಬ ಮಸುಕಾಗುತ್ತಾ ಹೋಗುತ್ತದೆ. ಅಕ್ಕ ಅಲ್ಲೇ ನಿಂತು ನೋಡುತ್ತಿದ್ದಾಳೆ, ಅವಳನ್ನು ನಾವು ಬಿಟ್ಟು ಹೊರಟೆವು ಅಂತ ಹುಡುಗನಿಗೆ ಅನ್ನಿಸುತ್ತದೆ.

ಒಂದನೆಯ ಚೀಟಿಯಿಂದ ಕಾಶ್ ಹುಲ್ಲಿಗೆ ದಾರ ಕಟ್ಟಿದೆ. ಮೂರನೆಯದಕ್ಕೂ ಸಿಕ್ಕಿತು. ಚಿತ್ರದಲ್ಲೂ ಜ್ವರದ ಹಾಸಿಗೆಯಲ್ಲಿ ದುರ್ಗಾ ರೈಲಿನ ಮಾತು ತೆಗೆಯುತ್ತಾಳೆ, ವಾಸಿಯಾದ ಮೇಲೆ ಹೋಗೋಣ ಅನ್ನುತ್ತಾಳೆ. ಇದನ್ನು ಮರೆತು ಸುಮ್ನೆ 'ಸಿನಿಮಾದಲ್ಲಿ ದುರ್ಗಾ ರೈಲು ನೋಡಿಬಿಟ್ಟಳು' ಅನ್ನುವವರಿದ್ದಾರೆ. ಇನ್ನೊಂದು ಸಲ ನೋಡಿ. ಅವಳು ಎಡವಿ ಬೀಳುತ್ತಾಳೆ. ಅಪು ಒಬ್ಬನೇ ಏರಿ ಮೇಲೆ ಓಡುತ್ತಾನೆ. ರೈಲು ಹೋಗುವಾಗ ಕ್ಯಾಮೆರಾ ಹಳಿಯ ಆಚೆ ಬದಿಗೆ ಹೋಗಿ, ಚಕ್ರಗಳ ಸಂದಿಯಿಂದ ಅವನನ್ನು ತೋರಿಸುತ್ತದೆ. ಹತ್ತಿರ ನಿಂತು ನೋಡುವ ಭಾಗ್ಯ ಅವಳದಲ್ಲ. ಪುಸ್ತಕದ ನೋವನ್ನು ರೇ ಬಿಟ್ಟುಕೊಡಲಿಲ್ಲ, ಅವಳನ್ನು ಹಳಿಯಿಂದ ನಾಲ್ಕು ಮಾರು ದೂರದಲ್ಲಿ ನಿಲ್ಲಿಸಿದರು ಅಷ್ಟೇ. ಈ ಜಾಗ ಬಂದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಆದರೆ ನಾಲ್ಕನೆಯ ಚೀಟಿ? ಚಿತ್ರದಲ್ಲಿ ಅವರು ಊರು ಬಿಡುವುದು ಎತ್ತಿನ ಗಾಡಿಯಲ್ಲಿ. ಖಾಲಿ ಮನೆಗೆ ಹಾವು ಹೊಕ್ಕುತ್ತದೆ, ಗಾಡಿ ಸಾಗುತ್ತದೆ, ಮುಗಿಯಿತು. ರೈಲಿಲ್ಲ. ಕಾದಂಬರಿಯ ಅಷ್ಟು ದೊಡ್ಡ ಘಳಿಗೆಗೆ ದಾರ ಕಟ್ಟಲು ಮೊಳೆಯೇ ಇಲ್ಲ!

ಇರಲಿ ಎಂದು ಎರಡನೆಯ ಚಿತ್ರ 'ಅಪರಾಜಿತೊ' ಏರಿಸಿದೆ. ಡಿಸ್ಕನ್ನು ಗೆಳೆಯರೊಬ್ಬರು ಕೊಟ್ಟರು. ಅಲ್ಲಿ ಸಮಸ್ಯೆ ಉಲ್ಟಾ. ಚಿತ್ರದ ಮೊದಲ ಭಾಗ ಪೂರ್ತಿ ಕಾಶಿ. ಘಾಟಿನಲ್ಲಿ ಹರಿಹರ ಪುರಾಣ ಓದುವುದು, ಗಲ್ಲಿಗಳಲ್ಲಿ ಅಪು, ಗುಡಿಯ ಕೋತಿಗಳು, ಹರಿಹರನ ಬಾಯಿಗೆ ಗಂಗೆಯ ನೀರು, ಉಸಿರು ನಿಂತ ಕ್ಷಣಕ್ಕೆ ಒಟ್ಟಿಗೆ ಹಾರುವ ಪಾರಿವಾಳಗಳು. ಹನ್ನೊಂದು ನೀಲಿ ಚೀಟಿ ಬರೆದೆ. ವಿಭೂತಿಭೂಷಣರದೇ ಮುಂದಿನ ಕಾದಂಬರಿ 'ಅಪರಾಜಿತೊ' ತೆರೆದರೆ ಕಾಶಿ ಆಗಲೇ ಮುಗಿದಿದೆ, ತಾಯಿ ಸರ್ವಜಯಾ ಶ್ರೀಮಂತರ ಮನೆಯಲ್ಲಿ ಅಡುಗೆಗೆ ನಿಂತಿದ್ದಾಳೆ. ಹಿಂದಿನ ಕಾದಂಬರಿಯ ಕೊನೆಯಲ್ಲಿ ಅವರು ಇನ್ನೂ ಊರು ಬಿಡುತ್ತಿದ್ದಾರೆ. ನಡುವಿನ ಕಾಶಿ ಎಲ್ಲಿಂದ ಬಂತು?

ರೇ ಸ್ವಂತ ಕಟ್ಟಿದ್ದು ಅಂದುಕೊಂಡೆ. ಹಾಗೆಂದು ನೋಟ್ ಪುಸ್ತಕದಲ್ಲಿ ಎರಡು ಪುಟ ಬರೆದೂ ಆಯಿತು. ಆದರೂ ಮನಸ್ಸು ಒಪ್ಪಲಿಲ್ಲ. ಅಷ್ಟು ನಿಷ್ಠೆಯಿಂದ ಬಂದವರು ಇಲ್ಲಿ ಇದ್ದಕ್ಕಿದ್ದಂತೆ ಪುಸ್ತಕ ಬಿಟ್ಟು ಯಾಕೆ ನಡೆದರು? ಎರಡೂ ಪುಸ್ತಕ ಮತ್ತೆ ಓದಿದೆ. ಚೀಟಿಗಳನ್ನು ಮೂರು ಸಲ ಜಾಗ ಬದಲಿಸಿದೆ. ಅಕ್ಕನ ಮಗ ಬಂದು ನೋಡಿ, 'ಮಾಮಾ, ಜೇಡನಿಗೂ ಈ ಕಡೆ ಬರೋಕೆ ಇಷ್ಟ ಇಲ್ಲ ಅನ್ಸುತ್ತೆ' ಅಂದ.

ನಿನ್ನೆ ಸಂಜೆ ಮೇಲಿನ ಮನೆಯ ದೀದಿ ಕೊತ್ತಂಬರಿ ಸೊಪ್ಪು ಕೇಳಲು ಬಂದರು. ಕೋಲ್ಕತ್ತದವರು, ಮೂವತ್ತು ವರ್ಷದಿಂದ ಬೆಂಗಳೂರಿನಲ್ಲಿದ್ದಾರೆ, ಕನ್ನಡ ಚೆನ್ನಾಗಿ ಬರುತ್ತದೆ. ಗೋಡೆ ನೋಡಿ ನಿಂತೇಬಿಟ್ಟರು. ಪುಸ್ತಕ ಕೈಗೆ ತೆಗೆದುಕೊಂಡು ಹಿಂದಿನ ಪುಟ ತಿರುಗಿಸಿದರು.

'ಏನಪ್ಪಾ, ಇದು ಊರು ಬಿಡೋದರಲ್ಲೇ ನಿಂತುಹೋಗಿದೆ! ಕಾಶಿ ಎಲ್ಲಿ?'

'ಕಾಶಿ ಸಿನಿಮಾದಲ್ಲಿ ಅಲ್ವಾ ದೀದಿ?'

'ಪುಸ್ತಕದಲ್ಲೇ ಇದೆ. ಕೊನೇ ಭಾಗ ಪೂರ್ತಿ ಅದೇ. ಇರು.'

ಸೊಪ್ಪನ್ನು ನಮ್ಮ ಮೇಜಿನ ಮೇಲೇ ಬಿಟ್ಟು ಹೋಗಿ ತಮ್ಮ ಬಂಗಾಳಿ ಪ್ರತಿ ತಂದರು. ಮೂಲದಲ್ಲಿ ಮೂರು ಭಾಗ: ಬಲ್ಲಾಲಿ ಬಾಲಾಯಿ, ಆಮ್ ಆಂಟಿರ್ ಭೇಂಪು, ಅಕ್ರೂರ್ ಸಂಬಾದ್. ನನ್ನ ಕೈಯಲ್ಲಿದ್ದ ಅನುವಾದ ಎರಡನೆಯ ಭಾಗಕ್ಕೆ ಮುಗಿಯುತ್ತದೆ. ಅನುವಾದಕರು ಮೂರನೆಯದನ್ನು ಬೇಕೆಂದೇ ಬಿಟ್ಟಿದ್ದಾರೆ. ರೇ ಚಿತ್ರ ನಿಲ್ಲುವ ಕಡೆಯೇ ಪುಸ್ತಕವೂ ನಿಲ್ಲುತ್ತದೆ. ಅಂದರೆ ನಾನು ಐದು ವಾರ ಕಾದಂಬರಿಯನ್ನು ಸಿನಿಮಾ ಜೊತೆ ಹೋಲಿಸುತ್ತಿರಲಿಲ್ಲ. ಸಿನಿಮಾದ ಅಳತೆಗೆ ಕತ್ತರಿಸಿದ ಕಾದಂಬರಿಯನ್ನು ಅದೇ ಸಿನಿಮಾ ಜೊತೆ ಹೋಲಿಸುತ್ತಿದ್ದೆ. ಕೊನೆ ಎಷ್ಟು ಸರಿಯಾಗಿ ಕೂತಿದೆ ಅಂತ ಮೆಚ್ಚಿಕೊಂಡೂ ಇದ್ದೆ!

ಅನುವಾದ ಸೊಗಸಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಈ ಕತ್ತರಿ ನನಗೆ ನಿಜಕ್ಕೂ ಬೇಸರ ತಂದಿತು. ಯಾಕೆಂದರೆ ಕಾದಂಬರಿಯ ಹೆಸರಿನ ಬೇರು ಇರುವುದು ಆ ಕೊನೆಯಲ್ಲಿ. ದೀದಿ ಓದಿ, ನಿಂತು, ಕನ್ನಡದಲ್ಲಿ ಹೇಳಿದರು. ಹುಡುಗನಿಗೆ ಊರಿಗೆ ಮರಳುವ ಹಂಬಲ. ಆಗ ದಾರಿಯ ದೇವರು ನಗುತ್ತಾನೆ. ನನ್ನ ದಾರಿ ನಿಮ್ಮೂರ ಬಿದಿರ ಮೆಳೆಯಲ್ಲಿ ಮುಗಿದಿಲ್ಲ ಮರುಳೇ, ಮುಂದಿದೆ, ಇನ್ನೂ ಮುಂದಿದೆ, ಬಾ ಅನ್ನುತ್ತಾನೆ. 'ಪಥೇರ್' ಅಂದರೆ ದಾರಿಯ. ಆ ದಾರಿಯೇ ಬಾಯಿಬಿಟ್ಟು ಮಾತಾಡುವ ಪುಟ ನನ್ನ ಪುಸ್ತಕದಲ್ಲಿ ಇರಲಿಲ್ಲ. ಅಮ್ಮ ಒಲೆ ಆರಿಸಿ ಬಂದು ಕೇಳುತ್ತಾ ನಿಂತಿದ್ದರು.

ಆಮೇಲೆ ಕೆಲಸ ಓಡಿತು. ದೀದಿ ಪುಟ ತಿರುಗಿಸಿ ಹೇಳುವುದು, ನಾನು ಹಳದಿ ಚೀಟಿ ಬರೆಯುವುದು. ಹರಿಹರನ ಕಾಶಿ ಬದುಕು, ಅವನ ಸಾವು, ಸರ್ವಜಯಾಳ ಅಡುಗೆ ಕೆಲಸ, ಒಂದೊಂದಾಗಿ ದಾರ ಬಿತ್ತು. ಎರಡನೆಯ ಚಿತ್ರ ಎರಡು ಕಾದಂಬರಿಗಳ ಮೇಲೆ ಕಾಲಿಟ್ಟು ನಿಂತಿದೆ: ಮೊದಲ ಭಾಗ 'ಪಥೇರ್ ಪಾಂಚಾಲಿ'ಯ ಬಾಲ, ಉಳಿದದ್ದು 'ಅಪರಾಜಿತೊ'ದ ತಲೆ. ನಾನು ಎರಡನ್ನೂ ಬೇರೆ ಬೇರೆ ಹಲಗೆ ಮಾಡಿದ್ದೇ ತಪ್ಪು. ಪುಸ್ತಕಗಳು ಮುಗಿಯುವ ಕಡೆ ಸಿನಿಮಾಗಳು ಮುಗಿಯಬೇಕಿಲ್ಲ. ಹಲಗೆಗಳ ನಡುವಿನ ಪಟ್ಟಿ ಕಿತ್ತು ಒಂದೇ ಮಾಡಿದೆ.

ಆ ಪಟ್ಟಿ ಕಿತ್ತ ಕೂಡಲೇ ಕಂಡಿತು. 'ಅಪರಾಜಿತೊ' ಚಿತ್ರದ ಮೊಟ್ಟಮೊದಲ ದೃಶ್ಯ ಏನು ಹೇಳಿ? ರೈಲು! ಸೇತುವೆಯ ಕಂಬಿಗಳು ಸರಸರ ಹಿಂದೆ ಸರಿಯುತ್ತವೆ, ಕೆಳಗೆ ಗಂಗೆ. ನಾವು ನೋಡುತ್ತಿರುವುದು ರೈಲನ್ನಲ್ಲ, ರೈಲಿನ ಒಳಗಿಂದ. ಕಾದಂಬರಿಯಲ್ಲಿ ಅಪು ಹತ್ತಿದ ರೈಲು ಮೊದಲ ಚಿತ್ರದಲ್ಲಿ ಇಲ್ಲವೆಂದು ಐದು ವಾರ ಹುಡುಕಿದೆ. ಅದು ಇನ್ನೊಂದು ಚಿತ್ರದ ಬಾಗಿಲಲ್ಲೇ ನಿಂತಿತ್ತು. ಎತ್ತಿನ ಗಾಡಿಯಿಂದ ಇಳಿದು ಅವರು ಹತ್ತಿದ್ದು ಅದನ್ನೇ. ನನ್ನ ನಾಲ್ಕನೆಯ ಚೀಟಿಯ ದಾರ ಗೋಡೆಯ ಈ ತುದಿಯಿಂದ ಆ ತುದಿಗೆ ಹೋಯಿತು. ಕುರ್ಚಿ ಅಲುಗದಂತೆ ದೀದಿ ಹಿಡಿದುಕೊಂಡಿದ್ದರು.

ಪಾರಿವಾಳ ಮತ್ತು ಕೋತಿಗಳ ಚೀಟಿಗಳಿಗೆ ದಾರ ಸಿಕ್ಕಿಲ್ಲ. ಅವು ಕಾಶಿಯೇ ರೇ ಅವರಿಗೆ ಕೊಟ್ಟದ್ದು ಅಂತ ನನ್ನ ಅನಿಸಿಕೆ. ಅವನ್ನು ಹಾಗೇ ಬಿಡುತ್ತೇನೆ. ಎಡಗಡೆಯೂ ಲೀಲಾ ಎಂಬ ಹುಡುಗಿಯ ಚೀಟಿಗಳು ಒಂಟಿಯಾಗಿವೆ. ಆಕೆ ಚಿತ್ರದಲ್ಲಿ ಇಲ್ಲವೇ ಇಲ್ಲ.

ಇದೇ ಬಿಸಿಯಲ್ಲಿ ಮುಂದಿನ ಗೋಡೆಯೂ ತಲೆಯಲ್ಲಿ ಎದ್ದು ನಿಂತಿದೆ. 'ನಾಗರಹಾವು' ಮಾಡೋಣ ಅಂತ ಬಹಳ ದಿನದಿಂದ ಅಂದುಕೊಂಡು, ಎಡಗಡೆ ಹೇಗೆ ಜೋಡಿಸುವುದು ಅಂತ ಗೊತ್ತಾಗದೆ ಬಿಟ್ಟಿದ್ದೆ. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಸೇರಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ ಒಂದು ಚಿತ್ರ ಮಾಡಿದರಲ್ಲ: 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ'. ಈಗ ಭಯವಿಲ್ಲ. ಮೂರು ಬಣ್ಣದ ಚೀಟಿ, ಒಂದೇ ಹಲಗೆ. ಅದಾದಮೇಲೆ 'ಚೋಮನ ದುಡಿ'. ಅಲ್ಲಿ ಬೇರೆ ಕಷ್ಟ. ಶಿವರಾಮ ಕಾರಂತರು 1933ರಲ್ಲಿ ಅಕ್ಷರದಲ್ಲಿ ಬಾರಿಸಿದ ದುಡಿಯನ್ನು ಬಿ.ವಿ. ಕಾರಂತರು 1975ರಲ್ಲಿ ಕಿವಿಗೇ ಕೇಳಿಸಿದರು. ಸದ್ದಿಗೆ ಚೀಟಿ ಬರೆಯುವುದು ಹೇಗೆ? ಯಾರಾದರೂ ಪ್ರಯತ್ನ ಮಾಡಿದ್ದರೆ ದಯವಿಟ್ಟು ಹೇಳಿ, ನಿಜಕ್ಕೂ ಬೇಕು.

ಸದ್ಯಕ್ಕೆ ಇನ್ನೂ ಎರಡು ಚೀಟಿಗೆ ದೀದಿ ಪುಟ ಹುಡುಕುತ್ತಿದ್ದಾರೆ. ಭಾನುವಾರ ಮತ್ತೆ ಓದುವುದು ಅಂತ ಆಗಿದೆ. ಈ ಸಲ ಮೂರನೆಯ ಭಾಗವನ್ನು ಮೊದಲಿನಿಂದ, ಒಂದು ಸಾಲೂ ಬಿಡದೆ. ಅಮ್ಮ ಆಗಲೇ ತಮ್ಮ ಕುರ್ಚಿಯನ್ನು ಗೋಡೆಯ ಹತ್ತಿರ ಎಳೆದಿಟ್ಟಿದ್ದಾರೆ. ಕೊತ್ತಂಬರಿ ಸೊಪ್ಪು ಇನ್ನೂ ನಮ್ಮ ಮೇಜಿನ ಮೇಲೇ ಇದೆ. ಕೊಟ್ಟು ಬರಬೇಕು.