ಜೇಮ್ಸ್ ನದಿಯ ನೀರಿನ ರುಚಿ

ನಾನು ಹುಟ್ಟಿ ಬೆಳೆದದ್ದು ಉಡುಪಿ ಹತ್ತಿರದ ಕೋಡಿಬೆಂಗ್ರೆಯಲ್ಲಿ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹೊಳೆ. ಸ್ವರ್ಣಾ, ಸೀತಾ ಎರಡೂ ಅಲ್ಲೇ ಸಮುದ್ರ ಸೇರುವುದು. ಮಾರ್ಚ್ ಬಂತೆಂದರೆ ನಮ್ಮ ಬಾವಿ ನೀರಿನ ರುಚಿ ಬದಲಾಗುತ್ತಿತ್ತು. ಮೊದಲು ಗೊತ್ತಾಗುವುದು ಅಜ್ಜಿಗೆ. ಬೆಳಿಗ್ಗೆ ಒಂದು ಗುಟುಕು ಚಾಯ ಕುಡಿದು, "ಇವತ್ತಿನಿಂದ ಸವಳು" ಎನ್ನುತ್ತಿದ್ದರು. ಆಮೇಲೆ ಮಳೆ ಬರುವವರೆಗೆ ಕುಡಿಯುವ ನೀರಿಗೆ ಕೊಡಪಾನ ಹಿಡಿದು ದೂರದ ಮನೆಯೊಂದಕ್ಕೆ ನಡೆಯಬೇಕು. ಆ ಮನೆಯವರು ಒಂದು ದಿನವೂ ಇಲ್ಲ ಎನ್ನಲಿಲ್ಲ.

ಇದೆಲ್ಲ ನೆನಪಾದದ್ದು ವರ್ಜೀನಿಯಾದಲ್ಲಿ. ಮಗಳ ಮನೆಗೆ ಹೋಗಿದ್ದಾಗ ಅವಳು ಜೇಮ್ಸ್‌ಟೌನ್ ತೋರಿಸಲು ಕರೆದುಕೊಂಡು ಹೋದಳು. ಅಮೆರಿಕದಲ್ಲಿ ಇಂಗ್ಲಿಷರು ಕಟ್ಟಿ, ಉಳಿದುಕೊಂಡ ಮೊದಲ ಊರು ಅದು. ಹೊಳೆಯ ದಡದಲ್ಲಿ ನಿಂತಾಗ ನನಗೆ ನಮ್ಮೂರ ವಾಸನೆಯೇ ಬಂತು. ಸುಮ್ನೆ ಬಗ್ಗಿ ಬೆರಳು ಅದ್ದಿ ಬಾಯಿಗೆ ಇಟ್ಟೆ. "ಅಮ್ಮಾ, ಎಂತ ಮಾಡ್ತಿ ನೀನು!" ಎಂದು ಮಗಳು ಗಾಬರಿಯಾದಳು. ನೀರು ಸವಳು.

ಅಲ್ಲಿಗೆ ಬಂದವರು ಚಳಿಗೆ, ಬಾಣಕ್ಕೆ ಸತ್ತರು ಅಂತಲೇ ನಾನು ಅಂದುಕೊಂಡಿದ್ದೆ. ಆಮೇಲೆ ಓದುತ್ತಾ ಹೋದ ಹಾಗೆ ಆ ನೀರೇ ಕಣ್ಣ ಮುಂದೆ ಬರತೊಡಗಿತು. 1607ರ ಮೇ ತಿಂಗಳಲ್ಲಿ 104 ಮಂದಿ ಅಲ್ಲಿ ಇಳಿದರು. ದಡದ ಹತ್ತಿರವೇ ಆಳ ಇದ್ದುದರಿಂದ ಹಡಗುಗಳನ್ನು ಮರಕ್ಕೇ ಕಟ್ಟಬಹುದಿತ್ತು. ಸ್ಪೇನಿನವರು ಬಂದರೆ ಎಂಬ ಭಯಕ್ಕೂ ಆ ಜಾಗ ಒಳ್ಳೆಯದು. ಆದರೆ ಮೊದಲಿಗೆ ಬಾವಿ ತೋಡಲಿಲ್ಲ. ಹೊಳೆ ನೀರನ್ನೇ ಕುಡಿದರು. ಬೇಸಿಗೆಯಲ್ಲಿ ಹೊಳೆ ಸೊರಗಿದರೆ ಸಮುದ್ರ ಒಳಗೆ ಬರುತ್ತದೆ. ನಮ್ಮಲ್ಲಿ ಅದನ್ನು ತಡೆಯಲೆಂದೇ ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕುತ್ತೇವೆ, ಅಲ್ವಾ? ಅವರಿಗೆ ಇದು ಗೊತ್ತಿರಲಿಲ್ಲ.

ಜೊತೆಗಿದ್ದ ಜಾರ್ಜ್ ಪರ್ಸಿ ಎಂಬವನು ಬರೆದಿಟ್ಟಿದ್ದಾನೆ: ಉಬ್ಬರದಲ್ಲಿ ನೀರು ಬರೀ ಉಪ್ಪು, ಇಳಿತದಲ್ಲಿ ಕೆಸರು, ಹೊಲಸು. ಮುಂದೆ ಸಾವಿನ ಲೆಕ್ಕ. ಆಗಸ್ಟ್ 6, ಜಾನ್ ಆಸ್ಬಿ, ರಕ್ತಭೇದಿ. ಆಗಸ್ಟ್ 9, ಜಾರ್ಜ್ ಫ್ಲವರ್, ಮೈ ಊತ. ಹೀಗೇ ದಿನದಿನಕ್ಕೂ. ಆ ಊತಕ್ಕೆ ಉಪ್ಪು ನೀರೇ ಕಾರಣ ಇರಬೇಕು ಎನ್ನುವ ಇತಿಹಾಸಕಾರರಿದ್ದಾರೆ. ಮುಂದಿನ ಜನವರಿಗೆ ಉಳಿದವರು 38 ಮಂದಿ. ಅವರಾದರೂ ಉಳಿದದ್ದು ಹೇಗೆ? ಅಲ್ಲಿನ ಮೂಲ ಜನರೇ ಮೆಕ್ಕೆಜೋಳ, ಮೀನು, ಮಾಂಸ ತಂದು ಕೊಟ್ಟರು. ನೆಲ ಅವರದ್ದು. ಶತ್ರುಗಳೆಂದುಕೊಂಡವರೇ ನಮ್ಮನ್ನು ಬದುಕಿಸಿದರು ಎಂದು ಪರ್ಸಿಯೂ ಒಪ್ಪಿದ್ದಾನೆ. ಇದನ್ನು ಓದುವಾಗ ನನಗೆ ನೀರು ಕೊಟ್ಟ ಆ ಮನೆಯೇ ನೆನಪಾಯಿತು.

ಆದರೆ ಆ ಸ್ನೇಹ ಉಳಿಯಲಿಲ್ಲ. 1606ರಿಂದ 1612ರವರೆಗೆ ಅಲ್ಲಿ ಭಾರೀ ಬರ. ಹಳೆಯ ಮರಗಳ ಕಾಂಡದೊಳಗಿನ ಉಂಗುರ ನೋಡಿ ಮಳೆಯ ಲೆಕ್ಕ ಹಾಕಿದವರು, 770 ವರ್ಷಗಳಲ್ಲೇ ಅಂಥ ಒಣ ಏಳು ವರ್ಷ ಇನ್ನೊಂದಿಲ್ಲ ಎನ್ನುತ್ತಾರೆ. ಮೂಲ ಜನರಿಗೇ ಮೆಕ್ಕೆಜೋಳ ಸಾಲದು. ಇಂಗ್ಲಿಷರು ಮತ್ತೆ ಮತ್ತೆ ಕೇಳಿದರು, ಬಲವಂತದಿಂದ ಕಿತ್ತುಕೊಂಡರು. 1609ರ ಚಳಿಗಾಲಕ್ಕೆ ಪೌಹಾಟನ್ ಎಂಬ ಆ ಮೂಲ ಜನ ಇಂಗ್ಲಿಷರ ಕೋಟೆಯನ್ನು ಸುತ್ತುಗಟ್ಟಿದರು. ಹೊರಗೆ ಕಾಲಿಟ್ಟರೆ ಬಾಣ. ಒಳಗಿದ್ದವರು ಕುದುರೆ, ನಾಯಿ, ಇಲಿ, ಹಾವು ಎಲ್ಲ ತಿಂದರು. 14 ವರ್ಷದ ಹುಡುಗಿಯೊಬ್ಬಳ ತಲೆಬುರುಡೆ 2012ರಲ್ಲಿ ಅಲ್ಲಿ ಸಿಕ್ಕಿತು. ಅದರ ಮೇಲೆ ಕತ್ತಿಯ ಗುರುತುಗಳಿವೆ. ಅವಳು ಸತ್ತ ಮೇಲೆ ಅವಳನ್ನೂ ತಿಂದಿದ್ದರು. ಆ ಬುರುಡೆ ಇಟ್ಟಿದ್ದ ಗಾಜಿನ ಪೆಟ್ಟಿಗೆಯ ಮುಂದೆ ಜಾಸ್ತಿ ಹೊತ್ತು ನಿಲ್ಲಲು ನನ್ನಿಂದಾಗಲಿಲ್ಲ. ವಸಂತದ ಹೊತ್ತಿಗೆ ಕೋಟೆಯಲ್ಲಿ ಬದುಕಿ ಉಳಿದವರು, ಆಮೇಲಿನ ಹಡಗುಗಳಲ್ಲಿ ಬಂದವರೂ ಸೇರಿ, ಸುಮಾರು 60 ಮಂದಿ.

ಬಾವಿ ತೋಡಿದ್ದರು, 1609ರಲ್ಲಿ. ಆಗ ಅವರ ಮುಖಂಡನಾಗಿದ್ದ ಜಾನ್ ಸ್ಮಿತ್ ತೋಡಿಸಿದ್ದು. ಮೊದಮೊದಲು ಸಿಹಿ ನೀರೇ ಬಂತಂತೆ. ಮರುವರ್ಷ ಬಂದವರು ನೋಡುವಾಗ ಅದಕ್ಕೂ ಹೊಳೆಯ ಸವಳು ಒಸರುತ್ತಿತ್ತು.

ನಮ್ಮ ಅಜ್ಜಿ ಸವಳಾದ ಬಾವಿಗೆ ಒಂದು ಒಣ ಎಲೆ ಬೀಳಲೂ ಬಿಡುತ್ತಿರಲಿಲ್ಲ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಒಂದು ವಾರ ನೀರೆತ್ತಿ ಎತ್ತಿ ತೆಂಗಿನ ಬುಡಕ್ಕೆ ಚೆಲ್ಲಿಸುತ್ತಿದ್ದರು. ಆಮೇಲೆ ಒಂದು ಬೆಳಿಗ್ಗೆ ಕೊಡಪಾನದಿಂದಲೇ ಬೊಗಸೆಗೆ ಸುರಿದುಕೊಂಡು ಕುಡಿಯುತ್ತಿದ್ದರು. ನಾವು ಮಕ್ಕಳು ಕಟ್ಟೆಯ ಸುತ್ತ ನಿಂತು ಅವರ ಮುಖವನ್ನೇ ನೋಡುತ್ತಿದ್ದೆವು.