ಜಿಪ್ಸಿಗೆ ಸೂಪರ್‌ಚಾರ್ಜರ್: 5,700ಕ್ಕೆ ತಡವರಿಸುತ್ತಿದ್ದ ಎಂಜಿನ್

ಮೂರು ಭಾನುವಾರಗಳನ್ನು ನುಂಗಿದ ಸಮಸ್ಯೆ ಕೊನೆಗೂ ಕೈಗೆ ಸಿಕ್ಕಿತು. ಗಾಡಿ ನನ್ನ ಮಾರುತಿ ಜಿಪ್ಸಿ ಕಿಂಗ್. 1,298 ಸಿಸಿಯ, 16 ವಾಲ್ವ್‌ಗಳ ಜಿ13ಬಿಬಿ ಎಂಜಿನ್. ಹಳೆಯ ಮಿನಿ ಕೂಪರ್ ಎಸ್‌ನಿಂದ ಬಿಚ್ಚಿದ ಈಟನ್ ಎಂ45, ಅಂದರೆ ಎಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಸೂಪರ್‌ಚಾರ್ಜರ್, ಈಗ ಅದರ ಪಕ್ಕದಲ್ಲಿ ಕುಳಿತಿದೆ. ಬ್ರಾಕೆಟ್, ಪುಲ್ಲಿ, ಮ್ಯಾಪಿಂಗ್ ನಿಮಗೆಲ್ಲ ಗೊತ್ತಿರುವ ಕೆಲಸ. ನೇರವಾಗಿ ವಾಲ್ವ್‌ಗಳು ಕೂರುವ ಮೇಲ್ಭಾಗಕ್ಕೆ, ಅಂದರೆ ಹೆಡ್‌ಗೆ ಬರುತ್ತೇನೆ. ಈ ಗಾಡಿ ಓಡುವುದು ಆಟೋಕ್ರಾಸ್ ಮಣ್ಣಿನಲ್ಲಿ ಮಾತ್ರ.

ಸೂಪರ್‌ಚಾರ್ಜರ್ ತುಂಬುವ ಹೆಚ್ಚುವರಿ ಒತ್ತಡ (ಬೂಸ್ಟ್) 0.5 ಬಾರ್ ಇದ್ದಾಗ 5,700 ಆರ್‌ಪಿಎಂ ದಾಟಿದೊಡನೆ ಎಂಜಿನ್ ತಡವರಿಸುತ್ತಿತ್ತು. ಪ್ಲಗ್ ಗ್ಯಾಪ್ 0.6 ಮಿ.ಮೀ.ಗೆ ಇಳಿಸಿದೆ, ವ್ಯತ್ಯಾಸವಿಲ್ಲ. ಆ ಕ್ಷಣದವರೆಗೂ ಗಾಳಿ-ಇಂಧನ ಅನುಪಾತ 11.8ರಲ್ಲೇ ಇತ್ತು, ಅಂದರೆ ಇಂಧನದ ಕೊರತೆಯಲ್ಲ. ಬೆಲ್ಟ್ ಜಾರುತ್ತಿದ್ದರೆ ಒತ್ತಡ ಇಳಿಯಬೇಕು. ಇಲ್ಲಿ ಬೂಸ್ಟ್ ಮೀಟರಿನ ಮುಳ್ಳು ಇಳಿಯದೆ ಗಡಗಡ ನಡುಗುತ್ತಿತ್ತು. ಗಾಳಿ ಒಳಬಿಡುವ ಇನ್‌ಟೇಕ್ ವಾಲ್ವ್ ಸಮಯಕ್ಕೆ ಮುಚ್ಚಿಕೊಳ್ಳದೆ, ಸಿಲಿಂಡರಿಗೆ ಹೋದ ಗಾಳಿ ತಾನು ಬಂದ ಕೊಳವೆಗೆ (ಮ್ಯಾನಿಫೋಲ್ಡ್) ವಾಪಸ್ ಬಡಿಯುತ್ತಿದೆ ಎಂಬ ಅನುಮಾನ ಹುಟ್ಟಿದ್ದು ಆ ನಡುಕದಿಂದಲೇ.

ಲೆಕ್ಕ ಸರಳವಾಗಿದೆ. ನಾನು ಅಳೆದಂತೆ ಇನ್‌ಟೇಕ್ ವಾಲ್ವ್‌ನ ತಲೆ 28 ಮಿ.ಮೀ., ಅಂದರೆ ಸುಮಾರು 6.2 ಚದರ ಸೆಂ.ಮೀ. ಅದರ ಬೆನ್ನಿಗೆ 0.5 ಬಾರ್ ಒತ್ತಿದರೆ, ವಾಲ್ವನ್ನು ಮುಚ್ಚಿ ಹಿಡಿಯುವ ಸ್ಪ್ರಿಂಗ್ ಬಲದಲ್ಲಿ ಸುಮಾರು 3 ಕಿಲೋ ಕಳೆದಂತೆ. ಆದರೂ 3 ಕಿಲೋ ಒಂದರಿಂದಲೇ ಇಷ್ಟು ಬೇಗ ಸೋಲಬಾರದು.

ಹಳೆಯ ಸ್ಪ್ರಿಂಗ್‌ಗಳೇ ಬಳಲಿರಬೇಕು ಎಂದುಕೊಂಡು ಗಟ್ಟಿ ಸ್ಪ್ರಿಂಗ್ ತರಿಸಿದೆ. ಬಂದ 16ರಲ್ಲಿ 11ಕ್ಕೆ ಒಂದು ದಪ್ಪದ ತಂತಿ, ಐದಕ್ಕೆ ಇನ್ನೊಂದು! ಪೊಟ್ಟಣದ ಮೇಲೆ ಮಾತ್ರ ‘ಮ್ಯಾಚ್ಡ್ ಸೆಟ್’ ಎಂಬ ಮುದ್ರೆ. ಅಂಗಡಿಯವರಿಗೆ ಫೋನ್ ಮಾಡಿದರೆ, ‘ಕೂರುತ್ತದೆ ಸರ್, ಹಾಕಿ ನೋಡಿ’ ಎಂದರು. ಹಾಕಿ ನೋಡಲು ಇದು ಚಪ್ಪಲಿಯಲ್ಲ. ಹೊಸ ಸೆಟ್ ಬರಲು 12 ದಿನ ಹಿಡಿಯಿತು, ಸಾಗಣೆಯ ದುಡ್ಡೂ ನನ್ನದೇ.

ಆ 12 ದಿನ ಹಳೆಯ ಸ್ಪ್ರಿಂಗ್‌ಗಳನ್ನೇ ಪರೀಕ್ಷಿಸಿದೆ. ಡ್ರಿಲ್ ಪ್ರೆಸ್ ಕೆಳಗೆ ದೇಹತೂಕ ನೋಡುವ ಯಂತ್ರ ಇಟ್ಟು, ಒಂದೊಂದನ್ನೂ ಒಂದೇ ಎತ್ತರಕ್ಕೆ ಒತ್ತಿದೆ. ಎಲ್ಲವೂ 20 ಕಿಲೋ ಆಸುಪಾಸು, ಒಂದೂ ಬಳಲಿರಲಿಲ್ಲ. ತಲೆ ಕೆಟ್ಟುಹೋಯಿತು. ಬಿಚ್ಚಿಟ್ಟ ರಾಕರ್‌ಗಳನ್ನು (ವಾಲ್ವ್ ಒತ್ತಿ ತೆರೆಯುವ ತೋಳುಗಳು) ಸುಮ್ಮನೆ ನೋಡುತ್ತಾ ಕುಳಿತಿದ್ದಾಗ, 2 ಮತ್ತು 3ನೇ ಸಿಲಿಂಡರಿನ ಇನ್‌ಟೇಕ್ ಹೊಂದಾಣಿಕೆ ಸ್ಕ್ರೂಗಳು ಕಣ್ಣಿಗೆ ಬಿದ್ದವು. ಲಾಕ್ ನಟ್‌ನ ಮೇಲೆ ಬೇರೆಡೆ ಸ್ಕ್ರೂವಿನ ಮರೆ (ಥ್ರೆಡ್) ಎರಡು ಸುತ್ತು ಕಂಡರೆ, ಆ ನಾಲ್ಕು ಸ್ಕ್ರೂಗಳಲ್ಲಿ ಮೂರೂವರೆ ಸುತ್ತು! ವಾಲ್ವ್‌ನ ಕಾಂಡ ಮೇಲೆ ಎದ್ದಿದ್ದರೆ ತಾನೇ ಸ್ಕ್ರೂವನ್ನು ಅಷ್ಟು ಹಿಂದಕ್ಕೆ ತೆಗೆಯಬೇಕಾಗುವುದು?

ಡೆಪ್ತ್ ಗೇಜ್ ಹಿಡಿದು ಅಳೆದೆ. ಹಿಂದೆಂದೋ ಹೆಡ್ ಕೆಲಸ ಮಾಡಿದವರು ಆ ನಾಲ್ಕು ಸೀಟುಗಳನ್ನು (ಮುಚ್ಚಿದಾಗ ವಾಲ್ವ್ ಕೂರುವ ಉಂಗುರಗಳು) ಕೊರೆದು ಕೊರೆದು ಆಳಕ್ಕೆ ಇಳಿಸಿದ್ದರು. ವಾಲ್ವ್ ಒಳಗೆ ಕುಸಿದಷ್ಟೂ ಕಾಂಡ ಮೇಲೇಳುತ್ತದೆ, ಸ್ಪ್ರಿಂಗ್ 1.2 ಮಿ.ಮೀ. ಸಡಿಲವಾಗಿ ಕೂರುತ್ತದೆ. ಈ ಸ್ಪ್ರಿಂಗ್‌ಗೆ ಮಿ.ಮೀ.ಗೆ 3 ಕಿಲೋ ಎಂದರೆ ಅಲ್ಲಿಗೇ 3.6 ಹೋಯಿತು, ಮೇಲೆ ಬೂಸ್ಟ್‌ನ 3. ಇಪ್ಪತ್ತು ಹದಿಮೂರಕ್ಕೆ ಇಳಿದಿತ್ತು.

ಸ್ಪ್ರಿಂಗ್ ಕೆಳಗೆ ಶಿಮ್ ಎಂಬ ತೆಳು ಬಿಲ್ಲೆ ಹಾಕಿ ಬಲ ವಾಪಸ್ ತರಬಹುದಿತ್ತು. ಆದರೆ ಕಾಂಡದ ತುದಿ ಎತ್ತರದಲ್ಲೇ ಉಳಿದು ರಾಕರ್ ಓರೆಯಾಗಿ ಉಜ್ಜುತ್ತದೆ. ನನಗೆ ಅದು ಒಪ್ಪಿಗೆಯಾಗಲಿಲ್ಲ. ನಾಲ್ಕೂ ಸೀಟ್ ರಿಂಗ್ ಹೊಸದಾಗಿ ಕೂರಿಸಿದೆ. ಹೊಸ ಸ್ಪ್ರಿಂಗ್ ಮುಚ್ಚಿದಾಗ 26 ಕಿಲೋ, ಪೂರ್ಣ ಲಿಫ್ಟ್‌ನಲ್ಲಿ ಸುರುಳಿ ಸುರುಳಿಗೆ ತಾಗಲು ಇನ್ನೂ 1.3 ಮಿ.ಮೀ. ಬಾಕಿ. ಇದಕ್ಕಿಂತ ಗಟ್ಟಿ ಬೇಡ, ರಾಕರ್‌ಗಳನ್ನು ಒತ್ತುವ ಕ್ಯಾಮ್ ಸವೆಯುತ್ತದೆ. ಎಕ್ಸಾಸ್ಟ್ ಸೀಟಿನ ಅಗಲವನ್ನು 1.5 ಮಿ.ಮೀ. ಬಿಟ್ಟಿದ್ದೇನೆ, ವಾಲ್ವ್‌ನ ಬಿಸಿ ಬಹುಪಾಲು ಇಳಿಯುವುದು ಅಲ್ಲಿಂದಲೇ. ಕ್ಯಾಮ್ ಬದಲಿಸಿಲ್ಲ: ಓವರ್‌ಲ್ಯಾಪ್ (ಇನ್‌ಟೇಕ್, ಎಕ್ಸಾಸ್ಟ್ ಎರಡೂ ವಾಲ್ವ್ ಒಟ್ಟಿಗೆ ತೆರೆದಿರುವ ಹೊತ್ತು) ಹೆಚ್ಚಿದರೆ ಸೂಪರ್‌ಚಾರ್ಜರ್ ತಳ್ಳಿದ ಗಾಳಿ ನೇರ ಸೈಲೆನ್ಸರ್ ಪಾಲು.

ಈ ನಡುವೆ ಮಾವನ ಮನೆಯ ಕೊಟ್ಟಿಗೆಯಲ್ಲಿರುವ ಯೆಜ್ಡಿಯನ್ನು ಎಬ್ಬಿಸುವ ಆಸೆ ಬಲವಾಗಿದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಗಾಡಿ, ಟೂ ಸ್ಟ್ರೋಕ್. ವಾಲ್ವೂ ಇಲ್ಲ, ಸ್ಪ್ರಿಂಗೂ ಇಲ್ಲ. ಬ್ಯಾರಲ್ ಬಿಚ್ಚಿ, ವಾಲ್ವ್ ಬದಲಿಗೆ ಗಾಳಿ ಹೋಗಿಬರುವ ರಂಧ್ರಗಳನ್ನು (ಪೋರ್ಟ್) ನೋಡಿದ ಮೇಲೆ ಅದರ ಕಥೆ.

ನಿನ್ನೆ ಜಿಪ್ಸಿಯನ್ನು 6,400ರವರೆಗೆ ಎಳೆದೆ. ಮುಳ್ಳು 0.5ರ ಗೆರೆಯ ಮೇಲೆ ಕೂದಲೆಳೆಯಷ್ಟೂ ಅಲುಗಲಿಲ್ಲ. ಎಂಜಿನ್ ಆರಿದ ಮೇಲೆ ವಾಲ್ವ್ ಕವರ್ ತೆಗೆದು ಲಾಕ್ ನಟ್‌ಗಳನ್ನು ನೋಡಿದೆ: ಹದಿನಾರರಲ್ಲೂ ಎರಡೇ ಸುತ್ತು ಮರೆ.